ಓಲೆಯ ಗುರುತು ಹಿಡಿದವರು



ಪತ್ರಾಗಾರವೆಂಬ ಮಾತು ನಿಮ್ಮಲ್ಲಿ ಹಲವರ ಕಿವಿಗೆ ಹೊಸದಾಗಿರಬಹುದು. ಗ್ರಂಥಾಲಯವನ್ನು ನೀವು ಬಲ್ಲಿರಿ. ಅಲ್ಲಿ ಇರುವುದು ಅಚ್ಚಾದ ಪುಸ್ತಕ. ಒಂದು ಪ್ರತಿ ಕಳೆದುಹೋದರೆ ಇನ್ನೊಂದನ್ನು ಕೊಂಡು ತಂದು ಅದೇ ಜಾಗದಲ್ಲಿ ಇರಿಸಬಹುದು. ಪತ್ರಾಗಾರದಲ್ಲಿ ಇರುವುದಾದರೋ ಹಾಗೆ ಮತ್ತೊಮ್ಮೆ ತರಬಹುದಾದ ವಸ್ತುವಲ್ಲ. ಒಬ್ಬ ಅರಸ ಬರೆಯಿಸಿದ ನಿರೂಪ, ಒಬ್ಬ ಶಾನುಭೋಗ ಬರೆದ ಲೆಕ್ಕ, ಒಂದು ಊರಿನವರು ಕೂಡಿ ಒಪ್ಪಿದ ಕರಾರು, ಯಾರೋ ಯಾರಿಗೋ ಬರೆದ ಕಾಗದ, ಓಲೆಗರಿಯ ಮೇಲೆ ಕಂಟದಿಂದ ಕೊರೆದ ಗ್ರಂಥ, ಇವೆಲ್ಲ ಲೋಕದಲ್ಲಿ ಒಂದೊಂದೇ. ಅವು ಹೋದರೆ ಹೋದುವು. ಅವನ್ನು ಕಾಯುವವರಿಗೆ ಪತ್ರಪಾಲಕರೆನ್ನೋಣ. ಅವರ ಕೆಲಸವೇನೆಂದು ಈಚೆಗೆ ತರಗತಿಯಲ್ಲಿ ಕೇಳಿದಾಗ, ಬೀರುವಿನ ಬೀಗದ ಕೈಯನ್ನು ಇಟ್ಟುಕೊಂಡಿರುವುದು ಎಂಬ ಉತ್ತರ ಬಂದಿತು. ಹುಡುಗರು ನಕ್ಕರು. ಆದರೆ ದೊಡ್ಡವರಲ್ಲಿಯೂ ಬಹುಮಂದಿಯ ತಿಳಿವಳಿಕೆ ಇದಕ್ಕಿಂತ ಹೆಚ್ಚಿನದಲ್ಲ.

ಬೀಗದ ಕೈಯನ್ನು ಯಾರಾದರೂ ಇಟ್ಟುಕೊಂಡಾರು. ಎದುರಿಗೆ ಬಂದು ಬಿದ್ದ ಒಂದು ಹಳೆಯ ಕಟ್ಟನ್ನು ನೋಡಿ ಇದು ಇಂಥದು ಎಂದು ಗುರುತು ಹಿಡಿಯಬಲ್ಲವರು ಮಾತ್ರ ಅಪರೂಪ. ಅಂಥವರೊಬ್ಬರ ವಿಷಯವನ್ನು ಹೇಳಬೇಕೆಂದಿದ್ದೇನೆ. ಇನ್ನೊಬ್ಬರ ವಿಷಯವೂ ಕೊನೆಯಲ್ಲಿ ಬರುತ್ತದೆ.

ನಾನು ಹುಟ್ಟಿ ಬೆಳೆದುದು ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ. ಕಾವೇರಿಯ ದಡದ ರುದ್ರಪಟ್ಟಣ ನಮಗೆ ನೆರೆಯೂರು. ಸಂಗೀತಗಾರರ ಊರೆಂದು ಅದಕ್ಕೆ ದೊಡ್ಡ ಹೆಸರು. ನಮ್ಮ ಕನ್ನಡ ಶಾಲೆಯ ಮೇಷ್ಟರು ಮಾತ್ರ ಆ ಊರಿನ ಹೆಸರು ಬಂದಾಗಲೆಲ್ಲ ಸಂಗೀತವನ್ನು ಬಿಟ್ಟು, ಅಲ್ಲಿ ಹುಟ್ಟಿದ ಒಬ್ಬ ಗ್ರಂಥಪಾಲಕರ ಮಾತನ್ನು ಎತ್ತುತ್ತಿದ್ದರು. ಅವರೇ ಶಾಮಶಾಸ್ತ್ರಿಗಳು. 1868ರಲ್ಲಿ ಹುಟ್ಟಿದವರು. ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಓದಿ ವಿದ್ವತ್ತನ್ನು ಗಳಿಸಿ, 1889ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಬಿ. ಎ. ಪದವಿಯನ್ನೂ ಪಡೆದರು. ಆ ಕಾಲದಲ್ಲಿ ಹಳೆಯ ಪಾಂಡಿತ್ಯವುಳ್ಳವರಿಗೆ ಇಂಗ್ಲಿಷ್ ಬಾರದು. ಇಂಗ್ಲಿಷ್ ಬಲ್ಲವರಿಗೆ ಹಳೆಯ ಪಾಂಡಿತ್ಯ ಬೇಡ. ಎರಡು ದಡಗಳಲ್ಲಿಯೂ ಕಾಲೂರಬಲ್ಲ ಒಬ್ಬ ತರುಣ ಇದ್ದಾನೆಂಬುದನ್ನು ಆಗಿನ ದಿವಾನರಾದ ಶೇಷಾದ್ರಿ ಅಯ್ಯರ್ ಅವರು ಕಂಡುಕೊಂಡರು. ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕನ ಹುದ್ದೆಗೆ ಸೇರಲು ನೆರವಾದರು. ಆಗ ಶಾಸ್ತ್ರಿಗಳು ಯಾವ ಹೆಸರಾಂತ ಗ್ರಂಥವನ್ನೂ ಪ್ರಕಟಿಸಿರಲಿಲ್ಲ. ಆದ ಕಾರ್ಯವನ್ನು ಕಂಡು ಹೊಗಳುವುದು ಸುಲಭ. ಆಗಲಿರುವುದನ್ನು ಕಂಡು ಒಂದು ಕುರ್ಚಿಯನ್ನು ತೋರಿಸುವುದು ಕಷ್ಟ. ಕೋಲಾರದ ಚಿನ್ನದ ಗಣಿಗಳಿಗೆ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯನ್ನು ಹರಿಸುವ ಕೆಲಸವನ್ನು ನಡೆಸಿದ ದಿವಾನರು ಅವರೇ. ಅದನ್ನು ಎಲ್ಲ ಚರಿತ್ರೆಗಳೂ ಹೇಳುತ್ತವೆ. ಈ ಇನ್ನೊಂದು ಕೆಲಸವನ್ನೂ ಅದರ ಪಕ್ಕದಲ್ಲಿಯೇ ಬರೆಯಬೇಕೆಂದು ನನ್ನ ಅಭಿಪ್ರಾಯ.

ಆ ಗ್ರಂಥಭಂಡಾರ 1891ರಲ್ಲಿ ಹುಟ್ಟಿದುದು. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಐವತ್ತನೆಯ ವರ್ಷದ ನೆನಪಿಗೆ ಕಟ್ಟಿದ ಜ್ಯೂಬಿಲಿ ಭವನದಲ್ಲಿ ಅದಕ್ಕೆ ಮನೆಯಾಯಿತು. ಹಳ್ಳಿಹಳ್ಳಿಯ ಮಠ ಮನೆಗಳಿಂದ ಬಂದ ಓಲೆಯ ಕಟ್ಟುಗಳು ಅಲ್ಲಿ ಸಾವಿರ ಸಾವಿರವಾಗಿ ಸೇರತೊಡಗಿದುವು. ಓಲೆಗ್ರಂಥವನ್ನು ನಿಮ್ಮಲ್ಲಿ ಎಷ್ಟು ಮಂದಿ ಕಂಡಿರುವಿರೋ ತಿಳಿಯದು. ಒಂದೂವರೆ ಎರಡು ಅಂಗುಲದ ಅಗಲ. ಉದ್ದ ಒಂದು ಮೊಳ, ಕೆಲವು ಅದಕ್ಕಿಂತ ಹೆಚ್ಚು. ಗರಿಯಲ್ಲಿ ತೂತು ಮಾಡಿ ದಾರವನ್ನು ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆಯನ್ನು ಇರಿಸಿ ಕಟ್ಟಿರುತ್ತಾರೆ. ಕಂಟವೆಂಬ ಉಕ್ಕಿನ ಲೇಖನಿಯಿಂದ ಕೊರೆದ ಅಕ್ಷರಕ್ಕೆ ತಾನಾಗಿ ಬಣ್ಣವಿಲ್ಲ. ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಬಳಿದು ಒರಸಿದಾಗ ಕೊರೆದ ಗೀರಿನೊಳಗೆ ಕಪ್ಪು ನಿಂತು ಬರಹ ಕಣ್ಣಿಗೆ ಬೀಳುತ್ತದೆ. ಪದಕ್ಕೂ ಪದಕ್ಕೂ ನಡುವೆ ಎಡೆಯಿಲ್ಲ. ಎಷ್ಟೋ ಕಟ್ಟುಗಳಲ್ಲಿ ಮೊದಲ ಗರಿಯೂ ಕೊನೆಯ ಗರಿಯೂ ಮುರಿದು ಹೋಗಿರುತ್ತವೆ. ಗ್ರಂಥದ ಹೆಸರು ಇರುವುದು ಸಾಮಾನ್ಯವಾಗಿ ಅಲ್ಲಿಯೇ! ದಿನವೂ ಬೆಳಗ್ಗೆ ಬಂದು ಇಂಥ ಕಟ್ಟೊಂದನ್ನು ಬಿಚ್ಚಿ, ಒಳಗಿರುವುದು ಏನೆಂದು ಓದಿ ಪಟ್ಟಿಗೆ ಬರೆಯುವುದು ಶಾಸ್ತ್ರಿಗಳ ಕೆಲಸ. ಇದನ್ನು ಕಚೇರಿಯ ದುಡಿಮೆಯಂತೆ ಮಾಡಿ ಮುಗಿಸುವುದಕ್ಕೂ ಬರುತ್ತದೆ. ನೀತಿಗ್ರಂಥ, ಅಪೂರ್ಣ, ಗರಿ ಇಷ್ಟು ಎಂದು ಬರೆದು ಮುಂದಿನ ಕಟ್ಟಿಗೆ ಕೈಹಾಕಿದರೆ ಕೇಳುವವರು ಯಾರು?

1905ರ ಮಾತು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಲೈಬ್ರರಿಗೆ ಒಪ್ಪಿಸಿದ್ದ ಒಂದು ಓಲೆಯ ಗ್ರಂಥ ಶಾಸ್ತ್ರಿಗಳ ಕೈಗೆ ಬಂದಿತು. ಲಿಪಿ ಗ್ರಂಥಲಿಪಿ, ಎಂದರೆ ತಮಿಳುನಾಡಿನಲ್ಲಿ ಸಂಸ್ಕೃತವನ್ನು ಬರೆಯುತ್ತಿದ್ದ ಲಿಪಿ. ಜೊತೆಯಲ್ಲಿ ಭಟ್ಟಸ್ವಾಮಿಯೆಂಬವನ ವ್ಯಾಖ್ಯಾನದ ಒಂದು ತುಣುಕೂ ಇದ್ದಿತು. ಓದುತ್ತ ಹೋದ ಹಾಗೆಲ್ಲ ಅದು ಕಾವ್ಯವಲ್ಲ, ಪುರಾಣವಲ್ಲ, ವೇದಾಂತವೂ ಅಲ್ಲ ಎಂದು ತಿಳಿಯಿತು. ಕೋಟೆಯನ್ನು ಕಟ್ಟುವುದು ಹೇಗೆ, ಸುಂಕವನ್ನು ಎತ್ತುವುದು ಹೇಗೆ, ಆನೆಯ ಕಾಡನ್ನು ಕಾಯುವುದು ಹೇಗೆ, ಗೂಢಚಾರನಿಗೆ ವೇಷ ಯಾವುದು, ಕಳ್ಳತೂಕಕ್ಕೆ ದಂಡವೆಷ್ಟು! ಹದಿನೈದು ಅಧಿಕರಣಗಳು, ನೂರೈವತ್ತು ಅಧ್ಯಾಯಗಳು. ಕೌಟಿಲ್ಯನ ಅರ್ಥಶಾಸ್ತ್ರವೇ ಅದು.

ಇಲ್ಲಿ ಒಂದು ಮಾತನ್ನು ನೀವು ಗಮನಿಸಬೇಕು. ಅರ್ಥಶಾಸ್ತ್ರವೆಂಬ ಗ್ರಂಥವೊಂದು ಇದ್ದಿತೆಂದು ಪಂಡಿತರು ಬಲ್ಲರು. ವಿಷ್ಣುಗುಪ್ತನು ಮೌರ್ಯನಿಗಾಗಿ ದಂಡನೀತಿಯನ್ನು ಆರು ಸಾವಿರ ಶ್ಲೋಕಗಳ ಪ್ರಮಾಣಕ್ಕೆ ಅಡಕಗೊಳಿಸಿದನೆಂದು ದಂಡಿ ದಶಕುಮಾರಚರಿತದಲ್ಲಿ ಹೇಳುತ್ತಾನೆ. ಕೌಟಿಲ್ಯನ ಶಾಸ್ತ್ರ ಕ್ರೂರವೆಂದು ಬಾಣನು ಕಾದಂಬರಿಯಲ್ಲಿ ಮುಖವನ್ನು ಸಿಂಡರಿಸುತ್ತಾನೆ. ಮಲ್ಲಿನಾಥನು ತನ್ನ ವ್ಯಾಖ್ಯಾನಗಳಲ್ಲಿ ಅದರ ಮಾತನ್ನು ಎತ್ತಿ ಹಾಕುತ್ತಾನೆ. ಹೊಗಳಿದವರ ಮಾತು ಉಳಿದಿದೆ, ಬೈದವರ ಮಾತು ಉಳಿದಿದೆ, ಗ್ರಂಥ ಮಾತ್ರ ಇಲ್ಲ! ಮನೆಯನ್ನು ಬಿಟ್ಟು ಹೋದವನ ವಿಷಯವನ್ನು ಊರವರೆಲ್ಲ ಆಡಿಕೊಳ್ಳುವಂತೆ ಇದ್ದಿತು ಅದರ ಸ್ಥಿತಿ. ದಂಡಿಯನ್ನೂ ಬಾಣನನ್ನೂ ಮಲ್ಲಿನಾಥನನ್ನೂ ಮೊದಲೇ ಓದಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದುದರಿಂದಲೇ, ಬಂದವನು ಬಾಗಿಲಲ್ಲಿ ನಿಂತಾಗ ಶಾಸ್ತ್ರಿಗಳಿಗೆ ಗುರುತು ಹತ್ತಿತು. ಅದೃಷ್ಟವೆಂದು ಕೆಲವರು ಹೇಳುತ್ತಾರೆ. ಕಟ್ಟು ಕೈಗೆ ಬಂದುದು ಅದೃಷ್ಟವಿರಬಹುದು. ಓದಿದುದು ಅದೃಷ್ಟವಲ್ಲ. ಆಗ ಅವರಿಗೆ ಮೂವತ್ತೇಳರ ಆಸುಪಾಸು, ಹೆಚ್ಚು ಕಡಮೆ ನನ್ನ ಈಗಿನ ವಯಸ್ಸು. ಇದನ್ನು ನೆನೆದಾಗ ನನಗೆ ಒಮ್ಮೊಮ್ಮೆ ಸಂಕೋಚವಾಗುವುದುಂಟು.

ಮುಂದಿನ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಅನುವಾದದ ಭಾಗಗಳು ಪತ್ರಿಕೆಗಳಲ್ಲಿ ಹೊರಬಂದುವು; 1909ರಲ್ಲಿ ಮೂಲಗ್ರಂಥ ಮೈಸೂರಿನಲ್ಲಿ ಅಚ್ಚಾಯಿತು; 1915ರಲ್ಲಿ ಇಂಗ್ಲಿಷಿನ ಪೂರ್ಣಾನುವಾದ ಪ್ರಕಟವಾಯಿತು. ಕನ್ನಡ ನಾಡಿನ ಶಾಸನಗಳಲ್ಲಿ ಬಹುಕಾಲ ದುಡಿದಿದ್ದ ಫ್ಲೀಟ್ ಎಂಬ ಆಂಗ್ಲ ವಿದ್ವಾಂಸರು ಅದಕ್ಕೆ ಮೊದಲ ಮಾತನ್ನು ಬರೆದರು. ಜರ್ಮನಿಯಲ್ಲಿ ಯಾಕೋಬಿ, ಯೋಲಿ ಮೊದಲಾದವರು ಅದನ್ನು ಹಿಡಿದು ಚರ್ಚಿಸತೊಡಗಿದರು. ಬೇರೆ ಬೇರೆ ಕಡೆಗಳಲ್ಲಿ ಬೇರೆ ಪ್ರತಿಗಳೂ ದೊರೆತುವು. ತಿರುವನಂತಪುರದಲ್ಲಿ ಗಣಪತಿಶಾಸ್ತ್ರಿಗಳು ತಮ್ಮದೊಂದು ಪಾಠವನ್ನು ವ್ಯಾಖ್ಯಾನದೊಡನೆ ಅಚ್ಚು ಹಾಕಿಸಿದರು. ಗ್ರಂಥವನ್ನು ಬರೆದವನು ಚಂದ್ರಗುಪ್ತನ ಮಂತ್ರಿಯಾದ ಚಾಣಕ್ಯನೇ, ಅಥವಾ ಅದು ಮುಂದೆ ಹಲವು ಕೈಗಳಲ್ಲಿ ಬೆಳೆದುದೇ ಎಂಬ ವಾದ ಇಂದಿಗೂ ನಿಂತಿಲ್ಲ. ನಿಲ್ಲಬೇಕಾದುದೂ ಇಲ್ಲ. ಓಲೆಯೇ ಇಲ್ಲದಿದ್ದರೆ ವಾದಕ್ಕೆ ಜಾಗವಾದರೂ ಎಲ್ಲಿರುತ್ತಿತ್ತು?

ಗೌರವಗಳು ಒಂದರ ಹಿಂದೆ ಒಂದು ಬಂದುವು. ಕ್ಯಾಂಪ್ಬೆಲ್ ಸ್ಮಾರಕ ಪದಕ ಬಂದಿತು, ಡಾಕ್ಟರ್ ಪದವಿ ಬಂದಿತು, ಮೈಸೂರು ಮಹಾರಾಜರು ಅರ್ಥಶಾಸ್ತ್ರವಿಶಾರದರೆಂದು ಕರೆದರು, ಸರ್ಕಾರದಿಂದ ಮಹಾಮಹೋಪಾಧ್ಯಾಯರಾದರು. ಮುಂದೆ ಮೈಸೂರಿನ ಪುರಾತತ್ತ್ವ ಇಲಾಖೆಯ ಹೊಣೆಯೂ ಅವರದಾಯಿತು. 1944ರಲ್ಲಿ ತೀರಿಕೊಂಡರು. ನಾಲ್ವಡಿ ಕೃಷ್ಣರಾಜ ಒಡೆಯರು ಯೂರೋಪಿಗೆ ಹೋಗಿದ್ದಾಗ ಅಲ್ಲಿಯ ವಿದ್ವಾಂಸರು ಅವರನ್ನು ಶಾಮಶಾಸ್ತ್ರಿಗಳ ಊರಿನವರೆಂದು ಗುರುತಿಸಿದರೆಂದು ಒಂದು ಕಥೆ ಮೈಸೂರಿನಲ್ಲಿ ಹಬ್ಬಿದೆ. ನಮ್ಮ ಮೇಷ್ಟರು ಇದನ್ನು ಬಹು ಸೊಗಸಾಗಿ ಹೇಳುತ್ತಿದ್ದರು. ಕಥೆ ಚೆನ್ನಾಗಿಯೇ ಇದೆ. ಆದರೆ ಶಾಸ್ತ್ರಿಗಳೇ ಕೇಳಿದ್ದರೆ, ಇದಕ್ಕೆ ಓಲೆ ಎಲ್ಲಿ ಎನ್ನುತ್ತಿದ್ದರೋ ಏನೋ.

ಆ ಓರಿಯಂಟಲ್ ಲೈಬ್ರರಿ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದರ ಆಶ್ರಯಕ್ಕೆ ಸೇರಿತು. 1943ರಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯವೆಂಬ ಹೆಸರನ್ನು ತಳೆಯಿತು. ಮೈಸೂರಿಗೆ ಹೋದಾಗ ಅರಮನೆ, ಮೃಗಾಲಯ, ಚಾಮುಂಡಿಬೆಟ್ಟಗಳನ್ನು ನೋಡುತ್ತೀರಲ್ಲವೇ? ಜ್ಯೂಬಿಲಿ ಭವನದ ಎದುರಿಗೂ ಒಂದು ಗಳಿಗೆ ನಿಲ್ಲಿರಿ.

ಇಷ್ಟು ಗೌರವಗಳನ್ನು ಎಣಿಸಿದ ಮೇಲೆ ನನ್ನ ಮನಸ್ಸು ಸುಮ್ಮನಿರದೆ ಬೇರೊಬ್ಬರ ಕಡೆಗೆ ಹೋಗುತ್ತದೆ. ದಿವಾನರು ಶಾಸ್ತ್ರಿಗಳನ್ನು ಗುರುತಿಸಿದರು. ಶಾಸ್ತ್ರಿಗಳು ಓಲೆಯನ್ನು ಗುರುತಿಸಿದರು. ಲೋಕ ಶಾಸ್ತ್ರಿಗಳನ್ನು ಗುರುತಿಸಿತು. ಓಲೆಯನ್ನು ತಂದುಕೊಟ್ಟ ಆ ಪಂಡಿತರು? ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಎಂದಷ್ಟೇ ಗ್ರಂಥದ ಪೀಠಿಕೆಯಲ್ಲಿದೆ. ಕಾವೇರಿಯ ಮೇಲುದಂಡೆಯಲ್ಲಿ ಹುಟ್ಟಿದವರ ಹೆಸರು ಲೋಕಕ್ಕೆಲ್ಲ ತಿಳಿಯಿತು. ಅದೇ ಹೊಳೆಯ ಕೆಳದಂಡೆಯಿಂದ ಬಂದವರದು ತಿಳಿಯಲಿಲ್ಲ. ಅವರ ಮನೆಯಲ್ಲಿ ಆ ಕಟ್ಟು ಎಷ್ಟು ತಲೆಮಾರು ಇದ್ದಿತೋ! ಗೆದ್ದಲು ಹತ್ತದಂತೆ, ಮಳೆಯ ನೀರು ಸೋರದಂತೆ, ಹಬ್ಬಕ್ಕೊಮ್ಮೆ ಬಿಚ್ಚಿ ಒರಸಿ ಮತ್ತೆ ಕಟ್ಟಿ ಕಾದವರು ಯಾರೋ! ಮಾರಿ ನಾಲ್ಕು ಕಾಸು ಮಾಡಿಕೊಳ್ಳದೆ, ಹೊಳೆಗೆ ಬಿಡದೆ, ದೂರದ ಮೈಸೂರಿನ ಭಂಡಾರಕ್ಕೆ ಒಪ್ಪಿಸಬೇಕೆಂದು ಅವರಿಗೆ ತೋರಿತಲ್ಲ, ಅದೂ ಗುರುತು ಹಿಡಿಯುವುದೇ ಅಲ್ಲವೇ?

ಸೋಜಿಗವೆಂದರೆ, ಆ ಗ್ರಂಥದೊಳಗೇ ಪತ್ರಾಗಾರದ ಮಾತು ಬರುತ್ತದೆ. ಎರಡನೆಯ ಅಧಿಕರಣದಲ್ಲಿ ಅಕ್ಷಪಟಲವೆಂಬ ಕಚೇರಿಯ ವರ್ಣನೆ ಇದೆ. ಕಟ್ಟಡ ಪೂರ್ವಕ್ಕೋ ಉತ್ತರಕ್ಕೋ ಮುಖವಾಗಿರಬೇಕು. ಕುಳಿತು ಬರೆಯುವವರಿಗೆ ಬೇರೆ ಬೇರೆ ಪೀಠಗಳಿರಬೇಕು. ಬರೆದ ಪುಸ್ತಕಗಳನ್ನು ಇರಿಸುವುದಕ್ಕೆ ಗೊತ್ತಾದ ಸ್ಥಳವಿರಬೇಕು. ಅರಮನೆಯ ಆಯವ್ಯಯ ಮಾತ್ರವಲ್ಲ, ದೇಶ ಗ್ರಾಮ ಜಾತಿ ಕುಲ ಸಂಘಗಳ ನಡವಳಿಕೆಗಳನ್ನೂ ಅಲ್ಲಿ ಬರೆದಿಡಬೇಕು. ವರ್ಷದ ಲೆಕ್ಕಗಳೆಲ್ಲ ಆಷಾಢಕ್ಕೆ ಬಂದು ಸೇರಬೇಕು. ಕಾಲಕ್ಕೆ ಸರಿಯಾಗಿ ತಾರದವನಿಗೆ ದಂಡ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ಕಾಗದವನ್ನು ಎಲ್ಲಿ ಇರಿಸಬೇಕೆಂದು ಚಿಂತಿಸಿದ ಗ್ರಂಥವನ್ನು, ಕಾಗದವನ್ನು ಕಾಯುವವರೊಬ್ಬರೇ ಕಂಡುಹಿಡಿದರು!

ನಾವಿರುವ ರಾಜಧಾನಿಯಲ್ಲಿಯೂ ಒಂದು ದೊಡ್ಡ ಅಕ್ಷಪಟಲವಿದೆ. ಮೈಸೂರಿನ ಲೈಬ್ರರಿ ಹುಟ್ಟಿದ 1891ರಲ್ಲಿಯೇ, ಮಾರ್ಚ್ 11ರಂದು, ಕಲಕತ್ತೆಯಲ್ಲಿ ಅಂದಿನ ಸರ್ಕಾರದ ದಫ್ತರಗಳಿಗಾಗಿ ಒಂದು ಇಲಾಖೆ ಏರ್ಪಟ್ಟಿತು. ರಾಜಧಾನಿ ದೆಹಲಿಗೆ ಬಂದಾಗ ಅದೂ ಹಿಂದೆ ಬಂದು, 1926ರಲ್ಲಿ ಜನಪಥದ ಈಗಿನ ಕಟ್ಟಡವನ್ನು ಸೇರಿತು. ಸ್ವಾತಂತ್ರ್ಯಾನಂತರ ರಾಷ್ಟ್ರೀಯ ಪತ್ರಾಗಾರವೆಂಬ ಹೆಸರು ಬಂದಿತು. ನೋಯ್ಡಾದಿಂದ ನೀಲಿ ಮಾರ್ಗದ ಮೆಟ್ರೋದಲ್ಲಿ ಮಂಡಿ ಹೌಸಿನವರೆಗೆ ಹೋಗಿ ಅಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಜನಪಥ ಎರಡನೆಯ ಮಾತಿಲ್ಲದೆ ಸಿಕ್ಕುತ್ತದೆ. ಇಷ್ಟು ಹತ್ತಿರದಲ್ಲಿದ್ದೂ ನಮ್ಮವರಲ್ಲಿ ಅಲ್ಲಿಗೆ ಹೋದವರು ಕಡಮೆ.

ನೋಯ್ಡಾದ ವಿಷಯಕ್ಕೆ ಬಂದೆ. ಇದು 1976ರಲ್ಲಿ ಹುಟ್ಟಿದ ಊರು. ಇದರ ಹೆಸರೇ ಒಂದು ಸರ್ಕಾರಿ ಪ್ರಾಧಿಕಾರದ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಮಾಡಿದುದು. ಬೀದಿಗೆ ಹೆಸರಿಲ್ಲ, ಸಂಖ್ಯೆ ಇದೆ. ಇದನ್ನು ದೂರುವುದಕ್ಕಾಗಿ ಹೇಳುತ್ತಿಲ್ಲ. ಈ ಊರು ನನಗೆ ಅನ್ನವನ್ನು ಕೊಟ್ಟಿದೆ. ಆದರೆ ಇಲ್ಲಿಯ ಮನೆಗಳಿಗೆ ಅಟ್ಟವಿಲ್ಲ. ಹನ್ನೊಂದು ತಿಂಗಳ ಕರಾರಿನ ಬಾಡಿಗೆಯ ಮನೆ. ಕರಾರು ಮುಗಿದರೆ ಪೆಟ್ಟಿಗೆ ಕಟ್ಟಬೇಕು. ಕಟ್ಟುವಾಗ ಮೊದಲು ಹೊರಗೆ ಬೀಳುವುದು ಹಳೆಯ ಕಾಗದ. ಭಾನುವಾರದ ಬೆಳಗ್ಗೆ ಕಬಾಡಿಯವನ ಕೂಗು ಕೇಳಿಸಿದರೆ ಸಾಕು, ಮನೆಮನೆಯಿಂದ ಕಾಗದದ ಹೊರೆ ಇಳಿದು ಬಂದು ತಕ್ಕಡಿಯನ್ನು ಏರುತ್ತದೆ. ತೂಕಕ್ಕೆ ಹೋಗುವ ಆ ಹೊರೆಯಲ್ಲಿ ಏನೇನಿರುತ್ತದೆಯೋ ಯಾರು ಬಲ್ಲರು! ನನ್ನ ಶಿಷ್ಯೆಯೊಬ್ಬಳು ಒಮ್ಮೆ ಹಾಗೆ ಹೊರಟಿದ್ದ ಹೊರೆಯಿಂದ ಒಂದು ಹಿಡಿ ಇನ್ಲೆಂಡ್ ಕಾಗದಗಳನ್ನು ಎತ್ತಿಕೊಂಡು ಬಂದಳು. ಅವಳ ಅಜ್ಜಿ ಧಾರವಾಡದಿಂದ ಮಗನಿಗೆ ಬರೆದವು. ಮನೆಯಲ್ಲಿ ಆ ಕೈಬರಹವನ್ನು ಓದಬಲ್ಲವರು ಯಾರೂ ಉಳಿದಿರಲಿಲ್ಲವಂತೆ. ನಾನೂ ಅವಳೂ ಕುಳಿತು ಮೂರು ಮಧ್ಯಾಹ್ನಗಳಲ್ಲಿ ಅವನ್ನು ಓದಿದೆವು. ಒಂದರಲ್ಲಿ ಇಡೀ ಪುಟ ಉಪ್ಪಿನಕಾಯಿಯ ಲೆಕ್ಕ. ಕೊನೆಯಲ್ಲಿ ಮೂಲೆಯಲ್ಲಿ ಅಡ್ಡವಾಗಿ, ಈ ಸಲ ಬರುವುದಾಗದಿದ್ದರೂ ಚಿಂತೆಯಿಲ್ಲವೆಂದು ಒಂದು ಸಾಲು. ಶಿಷ್ಯೆ ಅದನ್ನು ಮಡಿಸಿ ಇಟ್ಟುಕೊಂಡಳು. ಇಂಥ ಕಾಗದಗಳು ನಿಮ್ಮ ಮನೆಯಲ್ಲಿ ಇದ್ದರೆ, ಹರಿದ ಕಡೆಯಲ್ಲಿ ಅಂಟುಪಟ್ಟಿಯನ್ನು ಹಚ್ಚಬೇಡಿರಿ, ಅದು ಹಳದಿಯಾಗಿ ಕಾಗದವನ್ನು ತಿನ್ನುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಒತ್ತಿಸಬೇಡಿರಿ, ಒತ್ತಿಸಿದುದನ್ನು ಬಿಡಿಸಲು ಬರುವುದಿಲ್ಲ. ಬರೆದವರು ಯಾರು, ಯಾರಿಗೆ, ಎಲ್ಲಿಂದ ಎಂಬುದನ್ನು ಬೇರೆ ಚೀಟಿಯಲ್ಲಿ ಬರೆದು ಜೊತೆಗಿಡಿರಿ. ಇಷ್ಟನ್ನು ನನಗೆ ಕಲಿಸಿದವರ ಮಾತನ್ನೇ ಈಗ ಹೇಳಹೊರಟಿದ್ದೇನೆ.

ಊರಿನಲ್ಲಿ ನಮ್ಮ ಮನೆಯ ಅಡಿಗೆಕೋಣೆಯ ಮೇಲಿನ ಅಟ್ಟದಲ್ಲಿ ಒಂದು ಓಲೆಯ ಕಟ್ಟಿದ್ದಿತು. ಲಕ್ಷ್ಮೀಶನ ಜೈಮಿನಿ ಭಾರತವೆಂದು ಮನೆಯವರೆಲ್ಲರೂ ಹೇಳುತ್ತಿದ್ದರು. ಒಲೆಯ ಹೊಗೆ ತಗಲುವ ಜಾಗದಲ್ಲಿ ಹುಳು ಸುಳಿಯದೆಂದು ನನ್ನ ಅಜ್ಜಿ ಅದನ್ನು ಬೇರೆಡೆಗೆ ಇಳಿಸಗೊಡುತ್ತಿರಲಿಲ್ಲ. ನವರಾತ್ರಿಯಲ್ಲಿ ಸರಸ್ವತಿಯ ಪೂಜೆಯ ದಿನ ಮಾತ್ರ ಅದು ಕೆಳಗೆ ಬರುವುದು. ಅಜ್ಜಿಗೆ ಓದು ಬಾರದು. ಒಂದೊಂದೇ ಗರಿಯನ್ನು ಎಣ್ಣೆಯ ಬಟ್ಟೆಯಿಂದ ಒರಸಿ, ಕ್ರಮ ತಪ್ಪದಂತೆ ಜೋಡಿಸಿ, ಕೆಂಪು ಬಟ್ಟೆಯಲ್ಲಿ ಸುತ್ತಿ ಮತ್ತೆ ಮೇಲೇರಿಸುತ್ತಿದ್ದಳು. ಅಜ್ಜಿ ಹೋದಳು. ಮನೆಯನ್ನು ಕೆಡವಿ ಕಟ್ಟುವ ಮಾತು ಬಂದಿತು. ಕಟ್ಟನ್ನು ಏನು ಮಾಡುವುದೆಂದು ಬಂಧುಗಳು ಕೂಡಿ ಆಲೋಚಿಸಿದರು. ಪೂಜೆ ನಡೆಯದ ಕಡೆ ಇಡಬಾರದು, ಕಾವೇರಿಗೆ ಬಿಟ್ಟುಬಿಡೋಣ ಎಂದರು ಹಿರಿಯರು. ಅದು ಅಗೌರವದ ಮಾತೆಂದು ತಿಳಿಯಬೇಡಿರಿ. ಹಿಂದಿನಿಂದ ನಡೆದುಬಂದ ಪದ್ಧತಿ ಅದು. ಎಷ್ಟೋ ಗ್ರಂಥಗಳು ಹೀಗೆಯೇ ಭಕ್ತಿಯಿಂದ ನೀರುಪಾಲಾಗಿವೆ. ನೋಯ್ಡಾಕ್ಕೆ ತೆಗೆದುಕೊಂಡು ಹೋಗೋಣವೆಂದರೆ, ಇಲ್ಲಿಯ ಜ್ಯೇಷ್ಠದ ಬಿಸಿಗಾಳಿಯಲ್ಲಿ ಓಲೆ ಒಣಗಿ ಸೀಳುತ್ತದೆ, ಶ್ರಾವಣದಲ್ಲಿ ಬೂಷ್ಟು ಹಿಡಿಯುತ್ತದೆ. ಎರಡು ದಿನದ ಅವಧಿಯನ್ನು ಕೇಳಿಕೊಂಡು, ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಒಂದು ವಿಶ್ವವಿದ್ಯಾನಿಲಯದ ಗ್ರಂಥಭಂಡಾರಕ್ಕೆ ಹೋದೆ.

ಅಲ್ಲಿ ಹಸ್ತಪ್ರತಿಗಳ ವಿಭಾಗದಲ್ಲಿ ಇದ್ದವರು ಇಪ್ಪತ್ತೈದು ಇಪ್ಪತ್ತಾರರ ಒಬ್ಬ ತರುಣಿ. ನೇಮಕವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೆಸರನ್ನು ಅಚ್ಚು ಮಾಡಬಾರದೆಂದು ಹೇಳಿದುದರಿಂದ ಇಲ್ಲಿ ಬರೆಯುತ್ತಿಲ್ಲ. ಜೈಮಿನಿ ಭಾರತ ಎಂದೆ. ಸಂತೋಷ, ನೂರಾರು ಪ್ರತಿಗಳಿವೆ, ಎಂದು ಹೇಳುವರೆಂದು ಎಣಿಸಿದ್ದೆ. ಅವರು ಹಾಗೆ ಹೇಳಲಿಲ್ಲ. ಗ್ರಂಥದ ಹೆಸರಿನ ಗೊಡವೆಗೇ ಹೋಗದೆ, ಇದು ಎಲ್ಲಿ ಇದ್ದಿತು, ಯಾರು ಕಟ್ಟುತ್ತಿದ್ದರು, ಕೊನೆಯ ಸಲ ಬಿಚ್ಚಿದುದು ಎಂದು, ಎಂದು ಒಂದೊಂದಾಗಿ ಕೇಳಿದರು. ಕೈ ತೊಳೆದು ಒರಸಿಕೊಂಡು, ಕಟ್ಟಿನ ಗಂಟನ್ನು ಮುಟ್ಟುವ ಮೊದಲು ಅದರ ಚಿತ್ರವನ್ನು ತೆಗೆದುಕೊಂಡರು. ಗಂಟಿನ ಚಿತ್ರವೇಕೆಂದರೆ, ಕಟ್ಟಿದವರ ಕೈ ಅದರಲ್ಲಿದೆ ಎಂದರು. ಗರಿಗಳನ್ನು ಇದ್ದ ಕ್ರಮದಲ್ಲಿಯೇ ಎಣಿಸಿ, ಆ ಕ್ರಮವನ್ನು ಬರೆದುಕೊಂಡ ಮೇಲೆಯೇ ಓದಲು ತೊಡಗಿದರು. ಜೈಮಿನಿ ಭಾರತ ನಿಜ. ಆದರೆ ನಡುವೆ ಎರಡು ಗರಿಗಳ ಮಧ್ಯದಲ್ಲಿ ಉದ್ದುದ್ದಕ್ಕೆ ಮಡಿಸಿದ ಕಾಗದದ ಹಾಳೆಗಳು ನಾಲ್ಕು ಇದ್ದುವು. ಅಜ್ಜಿ ಅವನ್ನೂ ಗರಿಗಳೆಂದೇ ಭಾವಿಸಿ ವರ್ಷವರ್ಷವೂ ಅದೇ ಎಡೆಯಲ್ಲಿ ಇರಿಸುತ್ತಿದ್ದಳೆಂದು ತೋರುತ್ತದೆ.

ಹಾಳೆಗಳಲ್ಲಿ ಇದ್ದುದು ಹೆಸರುಗಳು. ಹೆಸರಿನ ಮುಂದೆ ಕೊಳಗ, ಬಳ್ಳ, ಸೇರುಗಳಲ್ಲಿ ರಾಗಿಯ ಲೆಕ್ಕ. ತಲೆಯಲ್ಲಿ ಧಾತು ಸಂವತ್ಸರದ ಕಾರ್ತಿಕವೆಂದಿದ್ದಿತು. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುವು. 1816, 1876, 1936 ಎಲ್ಲವೂ ಧಾತುವೇ. ಹೆಸರನ್ನು ನೋಡಿದ ಮಾತ್ರಕ್ಕೆ ಯಾವುದೆಂದು ಹೇಳುವಂತಿಲ್ಲ. ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಎದುರಾಗಿ ಹಿಡಿದರು. ಕಾಗದದ ಒಡಲಿನಲ್ಲಿ ಗಿರಣಿಯ ನೀರುಗುರುತೂ ಅದರ ಕೆಳಗೆ 1874 ಎಂಬ ಅಂಕೆಯೂ ಮೂಡಿದುವು. ಹಾಗಾದರೆ 1816 ಆಗದು. ಅಕ್ಷರದ ವರಸೆಯೂ ಶಾಯಿಯೂ 1936ಕ್ಕೆ ಹೊಂದುವುದಿಲ್ಲ. 1876ರ ಧಾತು ಇರಬೇಕು. ನನ್ನ ಮೈ ಜುಮ್ಮೆಂದಿತು. ಧಾತು ಈಶ್ವರದ ಬರವೆಂದು ನಮ್ಮ ಕಡೆಯ ಹಿರಿಯರು ಇಂದಿಗೂ ಹೇಳುವ ಮಹಾಕ್ಷಾಮದ ಮೊದಲ ವರ್ಷ ಅದು. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷದೊಳಕ್ಕೆ ಇಳಿದಿತ್ತೆಂದು ನಾನು ಪಾಠದಲ್ಲಿ ಹೇಳಿದ್ದುಂಟು. ಆ ಅಂಕೆಗಳಲ್ಲಿ ಮುಖಗಳಿರಲಿಲ್ಲ. ಇಲ್ಲಿ ಹೆಸರುಗಳಿದ್ದುವು. ಕುಂಬಾರ ಇಂಥವನು, ಅಗಸರ ಇಂಥವಳು, ಮಾದಿಗರ ಕೇರಿಯ ಇಂಥವನು. ನಮ್ಮ ಹಿರಿಯನೊಬ್ಬ ಕಣಜದಿಂದ ಅಳೆದುಕೊಟ್ಟ ರಾಗಿ. ದಾನವೋ ಸಾಲವೋ ಬರೆದಿಲ್ಲ. ಮುಂದಿನ ಹಾಳೆ ಈಶ್ವರ ಸಂವತ್ಸರದ್ದು. ಅದರಲ್ಲಿ ಹಲವು ಹೆಸರುಗಳ ಪಕ್ಕದಲ್ಲಿ ಒಂದೊಂದು ಸಣ್ಣ ಸೊನ್ನೆ.

ಇವರೆಲ್ಲ ತೀರಿಹೋದವರೇ ಎಂದು ಕೇಳಿದೆ.

ಆಕೆ ಬಹಳ ಹೊತ್ತು ಆ ಸೊನ್ನೆಗಳನ್ನು ನೋಡುತ್ತಿದ್ದರು. ತೀರಿಹೋದವರಿರಬಹುದು; ಊರನ್ನು ಬಿಟ್ಟವರಿರಬಹುದು; ರಾಗಿಯನ್ನು ಹಿಂದಿರುಗಿಸಿ ಲೆಕ್ಕ ಚುಕ್ತ ಮಾಡಿದವರೂ ಇರಬಹುದು; ಹಾಳೆ ಹೇಳದುದನ್ನು ನಾವು ಹೇಳಬಾರದು, ಎಂದರು. ವಿವರದ ಪಟ್ಟಿಯಲ್ಲಿ, ಕೆಲವು ಹೆಸರುಗಳ ಪಕ್ಕದಲ್ಲಿ ಸೊನ್ನೆ ಇದೆ, ಅರ್ಥ ತಿಳಿಯದು, ಎಂದು ಬರೆದರು. ನಾನು ಮೇಷ್ಟರಾದವನು, ಒಳ್ಳೆಯ ಉತ್ತರಗಳನ್ನು ಬಹಳ ಕೇಳಿದ್ದೇನೆ. ಇದರಷ್ಟು ಒಳ್ಳೆಯದನ್ನು ಕೇಳಿದ ನೆನಪಿಲ್ಲ. ಜೈಮಿನಿ ಭಾರತದ ಪ್ರತಿ ಇನ್ನೆಲ್ಲಿಯಾದರೂ ದೊರೆತೀತು, ಈ ನಾಲ್ಕು ಹಾಳೆಗಳು ಮಾತ್ರ ಮತ್ತೆಲ್ಲಿಯೂ ಇರಲಾರವು, ಇವಕ್ಕೂ ಒಂದು ಸ್ವತಂತ್ರ ಸಂಖ್ಯೆ ಬೇಕು, ಎಂದು ಮೇಲಿನವರಿಗೆ ಬರೆದು ಒಪ್ಪಿಗೆಯನ್ನು ತರಿಸಿಕೊಂಡುದೂ ಅವರೇ. ಅವರಿಗೆ ಇನ್ನೂ ಪದಕ ಬಂದಿಲ್ಲ, ಬಿರುದೂ ಇಲ್ಲ. ನಮ್ಮ ಶಾಲೆಯ ಈ ಪತ್ರಿಕೆಯಲ್ಲಿ ನಾನು ಬರೆಯುತ್ತಿರುವುದೇ ಸದ್ಯಕ್ಕೆ ಅವರಿಗೆ ಸಂದ ಮಾನಪತ್ರ.

ಕಟ್ಟನ್ನು ಭಂಡಾರಕ್ಕೆ ಬಿಟ್ಟುಬರಲು ಬಂಧುಗಳು ಒಪ್ಪಿದರು. ಹಾಳೆಗಳ ವಿಷಯವನ್ನು ಹೇಳಿದಾಗ ಹಿರಿಯರೇ ಮೊದಲು ತಲೆದೂಗಿದರು. ಮರುದಿನ ಹೋದಾಗ ದಾಖಲೆಯ ಪುಸ್ತಕವನ್ನು ತೆರೆದಿಟ್ಟು, ಕೊಟ್ಟವರು ಎಂಬ ಅಂಕಣದಲ್ಲಿ ನನ್ನ ಹೆಸರನ್ನು ಬರೆದುಕೊಂಡರು. ತಂಜಾವೂರಿನ ಪಂಡಿತರ ನೆನಪು ನನಗೆ ಆಗಲೇ ಬಂದುದು. ನಾನು ತಂದವನು ಮಾತ್ರ, ಕಾಪಾಡಿದವಳು ನನ್ನ ಅಜ್ಜಿ, ಎಂದೆ. ಆ ಪುಸ್ತಕದಲ್ಲಿ ಕಾಪಾಡಿದವರಿಗೆಂದು ಅಂಕಣವಿರಲಿಲ್ಲ. ಆಕೆ ಅಡಿಕೋಲನ್ನು ತೆಗೆದುಕೊಂಡು ಪುಟದ ಅಂಚಿನಲ್ಲಿ ನೆಟ್ಟಗೆ ಒಂದು ಗೆರೆಯನ್ನು ಎಳೆದು, ಅಜ್ಜಿಯ ಹೆಸರನ್ನು ಕೇಳಿ ಬರೆದರು. ಬರೆದು, ಲೇಖನಿಯನ್ನು ಎತ್ತದೆ, ಅವರ ತವರೂರು ಯಾವುದು ಎಂದು ಕೇಳಿದರು.